ಬೊಂಬಿಲ್ ಒಣಗುವ ದಂಡೆಯಲ್ಲಿ

"ಉತರಾ ಖಾಲೀ! ಆಧೀ ಉತರಾ!"

ಮರಳಿನ ಮೇಲೆ ಎಳೆದಿಟ್ಟಿದ್ದ ದೋಣಿಯ ಮೂತಿ ಹತ್ತಿ ನಿಂತಿದ್ದವನು ಬೆಚ್ಚಿ ತಿರುಗಿದ. ತಲೆಯ ಮೇಲೆ ಹಳದಿ ಹೆಲ್ಮೆಟ್, ಕೈಯಲ್ಲಿ ಅಳತೆಯ ಟೇಪು, ಕಾಲಲ್ಲಿ ಕೆಸರು ಮೆತ್ತಿದ ಬೂಟು.

ಕೆಳಗಿಳಿಯಿರಿ ಎಂದು ಕೂಗಿದ್ದ ಜಯಲತಾಳ ಮೈಯೆಲ್ಲ ಉರಿಯಿತು. ಮರಾಠಿಯಲ್ಲಿ ಬೈಗುಳ ಸಾಲದೆ ಅವಳು ತನ್ನ ಭಾಷೆಗೆ ಇಳಿದಳು. "ಬುದ್ಧಿ ಇಲ್ಲದವರು ಎಲ್ಲಿ ಹೋದರೂ ಸಿಗ್ತಾರಪ್ಪ!"

"ಬುದ್ಧಿ ಐತ್ರೀ," ಅವನೆಂದ. "ಸಮುದ್ರ ಗೊತ್ತಿಲ್ಲ, ಅಷ್ಟ."

ಕನ್ನಡ! ಇಲ್ಲಿ, ಮುಂಬಯಿಯ ಆಚೆಯ ಈ ಉರಣ್‌ನ ದಂಡೆಯಲ್ಲಿ!

ಒಂದು ಕ್ಷಣ ಅವಳ ಎದೆ ಹಗುರಾಯಿತು. ಆದರೂ ಸೋಲಲಿಲ್ಲ. "ದೋಣಿ ಅಂದ್ರೆ ನಮಗೆ ದೇವರು. ನಿಮ್ಮ ಮನೆ ದೇವರಕೋಣೆಗೆ ಬೂಟು ಹಾಕ್ಕೊಂಡು ಹೋಗ್ತೀರಾ?"

ಅವನು ಥಟ್ಟನೆ ಕೆಳಗೆ ಹಾರಿದ. ಬೂಟು ಕಳಚಿ, ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ನಿಂತು, ದೋಣಿಯ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ತಪ್ಪಾತ್ರೀ. ಬಿಜಾಪುರದಾಗ ನಾವು ದೋಣಿ ನೋಡಿದವರಲ್ಲ."

ಪಕ್ಕದಲ್ಲಿ ಮೀನಿನ ಬುಟ್ಟಿ ಇಳಿಸುತ್ತಿದ್ದ, ಕೋಳಿ ಎಂಬ ಮರಾಠಿ ಬೆಸ್ತರ ಕೇರಿಯ ಚಂದ್ರಬಾಯಿ ಇವನ್ಯಾರೇ ಎಂದು ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಕೋಣ್ ಗಂ ಹಾ ಹೀರೋ?"

ಹೀರೋನ ಹೆಸರು ಗುರುನಾಥ. ಬಂದರಿಗೆ ಹೋಗುವ ಹೊಸ ರಸ್ತೆಯ ಕೆಲಸಕ್ಕೆ ಸೂಪರ್‌ವೈಸರ್ ಆಗಿ ಬಂದಿದ್ದ. ಬೇರೆಲ್ಲೂ ಬಾಡಿಗೆಗೆ ಸಿಗದೆ ಕೋಳಿಗೇರಿಯಲ್ಲೇ ಒಂದು ಕೋಣೆ ಹಿಡಿದಿದ್ದ. ಹುಟ್ಟಾ ಲಿಂಗಾಯತ. ಮೊದಲ ವಾರ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಮಲಗಿದ್ದನಂತೆ!

ಜಯಲತಾ ಮಲ್ಪೆಯವಳು. ಅಪ್ಪ ವಸಂತಕುಮಾರ ಇಂದಿಗೂ ಕಡಲಿಗೆ ಹೋಗುವ ಮೊಗವೀರ. ಉಡುಪಿಯಲ್ಲಿ ಬಿಎಸ್‌ಸಿ ಮುಗಿಸಿದವಳನ್ನು ಸೋದರಮಾವ ಭುಜಂಗ ತನ್ನ ಹೋಟೆಲಿನ ಗಲ್ಲಾ ನೋಡಿಕೊಳ್ಳಲು ಕರೆತಂದಿದ್ದ. ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಉಡುಪಿ ಹೋಟೆಲ್. ಹೊರಗಿನ ಫಲಕದಲ್ಲಿ ಊರಿನ ಹೆಸರಿಗಿಂತ 'ಶುದ್ಧ ಶಾಕಾಹಾರಿ' ಎನ್ನುವುದೇ ದೊಡ್ಡದು.

ನಸುಕಿನಲ್ಲಿ ಮಾತ್ರ ಅವಳು ಅವಳೇ ಆಗಿರುತ್ತಿದ್ದಳು. ಚಂದ್ರಬಾಯಿಯ ಜೊತೆ ಕೂತು ಬೊಂಬಿಲ್ ಮೀನುಗಳನ್ನು ಒಂದರ ದವಡೆಗೆ ಇನ್ನೊಂದರ ದವಡೆ ಸಿಕ್ಕಿಸಿ ಜೋಡಿ ಮಾಡಿ, ಬಿದಿರಿನ ಅಡ್ಡಗಳಕ್ಕೆ ತೂಗುಹಾಕುವುದು. ಮಲ್ಪೆಯಲ್ಲಿ ಈ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಇಲ್ಲಿ ಕಲಿತಳು. ಗಾಳಿ ಬಂದರೆ ಸಾಲುಸಾಲು ಮೀನು ತೂಗಾಡುವುದನ್ನು ನೋಡುವಾಗ ಅವಳಿಗೆ ಊರು ದೂರವೆನಿಸುತ್ತಿರಲಿಲ್ಲ.

"ನಿನ್ನ ಕೈಯಲ್ಲಿ ಮೀನು ನಾತ ಬಂದ್ರೆ ಗಿರಾಕಿ ಇಡ್ಲಿ ತಿಂತಾರಾ?" ಎಂದು ಮಾಮ ಸಿಡುಕುತ್ತಿದ್ದ. "ನಾವು ಮೊಗವೀರರು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗೂದೂ ಬೇಡ."

ಪ್ರತಿದಿನ ಆ ಮಾತು ಅವಳೊಳಗೆ ಎಲ್ಲೋ ಚುಚ್ಚುತ್ತಿತ್ತು...

ಗುರುನಾಥ ನಾಷ್ಟಾಕ್ಕೆ ಬರತೊಡಗಿದ. ಆಮೇಲೆ ನಾಷ್ಟಾ ಮುಗಿದರೂ ಏಳದಾದ. ಆಮೇಲೆ ಭಾನುವಾರಗಳಂದು ಮೋರಾ ಧಕ್ಕೆಯಿಂದ ಮುಂಬಯಿಗೆ ಹೋಗುವ ಲಾಂಚಿನಲ್ಲಿ ಇಬ್ಬರೂ ಎದುರುಬದುರು ಕೂರತೊಡಗಿದರು. ಇಳಿತದ ವೇಳೆಗೆ ನೀರು ಹಿಂದೆ ಸರಿದು ಲಾಂಚು ಧಕ್ಕೆಗೆ ಬರಲಾರದೆ ದೂರದಲ್ಲೇ ನಿಂತರೆ ಅವನಿಗೆ ಗಾಬರಿ.

"ನೀರು ಎಲ್ಲಿ ಹೋತ್ರೀ?"

"ಚಂದ್ರನನ್ನು ಕೇಳಿ. ಅವನೇ ಎಳಕೊಂಡದ್ದು," ಎಂದು ಅವಳು ನಗುತ್ತಿದ್ದಳು.

ಪೇಟೆಯಲ್ಲಿ ತರಕಾರಿಯವಳು ಇಬ್ಬರನ್ನೂ 'ಮದ್ರಾಸಿ' ಎಂದೇ ಕರೆಯುತ್ತಿದ್ದಳು.

"ಮಲ್ಪೆಗೂ ಬಿಜಾಪುರಕ್ಕೂ ಒಂದೇ ಹೆಸರು ನೋಡ್ರಿ," ಅವನೆಂದ ಒಂದು ದಿನ. ಆಮೇಲೆ ದನಿ ತಗ್ಗಿಸಿ, "ಮನಿನೂ ಒಂದೇ ಆದ್ರ?"

ಅವಳ ಕೈಯಲ್ಲಿದ್ದ ಬದನೆಕಾಯಿ ಬುಟ್ಟಿಗೆ ಮರಳಿ ಬಿತ್ತು.

"ಅವ್ವ ಡೊಂಬಿವಲಿಯಾಗ ಅಣ್ಣನ ಮನ್ಯಾಗ ಅದಾಳ. ಕರ್ಕೊಂಡು ಬರ್ಲೇನ್ರಿ?"

"ನಾನು ಯಾರ ಮಗಳು ಅಂತ ಹೇಳಿದ್ದೀರಾ?"

"ಹೇಳ್ತೀನಿ."

*ಹೇಳ್ತಾರೆ... ಖಂಡಿತ ಹೇಳ್ತಾರೆ.* ಅವಳು ನಂಬಿದಳು.

ಮುಂದಿನ ತಿಂಗಳು ಗುರುನಾಥನ ಅವ್ವ ದಾನಮ್ಮ ಬಂದರು. ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಥಾಣೆ ಊರಿಗೆ, ಅಲ್ಲಿಂದ ಎರಡು ಬಸ್ಸು ಬದಲಿಸಿ, ಇಳಕಲ್ಲ ಸೀರೆಯ ಸೆರಗು ಒಂದಿಷ್ಟೂ ಜಾರದಂತೆ. ಹಣೆಯ ಮೇಲೆ ವಿಭೂತಿ. ಹೋಟೆಲಿನ ಮೇಲಿನ ಮನೆಯಲ್ಲಿ ಭುಜಂಗ ಅವರಿಗೆ ಉಪ್ಪಿಟ್ಟು, ಶೀರಾ ಬಡಿಸಿ ಕೈಮುಗಿದು ನಿಂತಿದ್ದ.

"ನಿಮ್ಮ ಹಾಗೇ ಅಕ್ಕ, ನಾವೂ ಅಪ್ಪಟ ಸಸ್ಯಾಹಾರಿಗಳು. ಊರಲ್ಲಿ ಇವಳಪ್ಪನದ್ದು ತೆಂಗಿನ ತೋಟ. ನಮ್ಮ ಜಯಲತಾ ಮೀನು ಕಣ್ಣಲ್ಲಿ ನೋಡಿದವಳೂ ಅಲ್ಲ!"

ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಜಯಲತಾ ಅಲ್ಲೇ ಕಲ್ಲಾದಳು.

ಅವಳು ಗುರುನಾಥನ ಮುಖ ನೋಡಿದಳು. *ಹೇಳಿ... ಈಗಲಾದರೂ ಹೇಳಿ!*

ಅವನು ತಲೆತಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದ.

"ಒಳ್ಳೇದಾತ್ರೀ ಅಣ್ಣಾರ," ಎಂದರು ದಾನಮ್ಮ, ಉಪ್ಪಿಟ್ಟಿನ ತುತ್ತು ಬಾಯಿಗಿಡುತ್ತ.

ಹಾಗಾದರೆ ಅವನೂ ಅಷ್ಟೇ! ಅವನಿಗೂ ಬೇಕಾದದ್ದು ಅಡಗಿಸಿಟ್ಟ ಜಯಲತಾ!

ಕಾಫಿಯ ತಟ್ಟೆಯನ್ನು ಅವಳು ಮೇಜಿನ ಮೇಲಿಟ್ಟಳು. ನೇರ ದಾನಮ್ಮನವರ ಕಡೆ ತಿರುಗಿದಳು.

"ಮಾಮ ಹೇಳಿದ್ದು ಸುಳ್ಳು ಅಮ್ಮ. ನನ್ನ ಅಪ್ಪ ಮೀನು ಹಿಡಿಯುವವರು. ಆ ಮೀನು ಮಾರಿದ ದುಡ್ಡಿನಲ್ಲೇ ನಾನು ಕಾಲೇಜು ಕಲಿತದ್ದು. ಇವತ್ತು ಬೆಳಿಗ್ಗೆಯೂ ಮೀನು ಮುಟ್ಟಿ ಬಂದಿದ್ದೇನೆ. ನಾಳೆಯೂ ಮುಟ್ತೇನೆ. ಇದನ್ನು ಅಡಗಿಸಿ ಆಗುವ ಮದುವೆ ನನಗೆ ಬೇಡ."

"ಏ ಜಯಾ!" ಭುಜಂಗನ ಮುಖ ಬೆಳ್ಳಗಾಯಿತು.

"ಜಯಲತಾ, ಒಂದ್ ನಿಮಿಷ..." ಗುರುನಾಥ ಎದ್ದ.

ಅವಳು ಆಗಲೇ ಮೆಟ್ಟಿಲಿಳಿದಿದ್ದಳು. ಹೆಮ್ಮೆಯಿಂದ ತಲೆ ಎತ್ತಿಯೇ ನಡೆದಳು. ಅತ್ತದ್ದು ದಂಡೆ ಮುಟ್ಟಿದ ಮೇಲೆ.

ಮರುದಿನ ಬೆಳಿಗ್ಗೆ ಅವಳ ಬೆರಳುಗಳು ಮಾತು ಕೇಳಲಿಲ್ಲ. ಸಿಕ್ಕಿಸಿದ ಬೊಂಬಿಲ್ ಜೋಡಿಗಳು ಬಿಡಿಬಿಡಿಯಾಗಿ ಜಾರುತ್ತಿದ್ದವು. ಚಂದ್ರಬಾಯಿ ಏನೂ ಕೇಳದೆ ಅವಳ ಪಾಲಿನ ಬುಟ್ಟಿಯನ್ನೂ ತನ್ನತ್ತ ಎಳೆದುಕೊಂಡಳು.

"ಇಲ್ಲೇನ ಇಕಿ ಕೂಡೂದು?"

ಜಯಲತಾ ತಲೆಯೆತ್ತಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೀನಿನ ಸಾಲುಗಳ ನಡುವೆ ಸೀರೆ ಎತ್ತಿಹಿಡಿದು ದಾನಮ್ಮ ಬರುತ್ತಿದ್ದರು! ಹಿಂದೆ ಗುರುನಾಥ, ಕಣ್ಣು ಕೆಂಪಾಗಿ.

"ತಂಗಿ, ನಿನ್ನ ಕೂಡ ಜಗಳ ಆಡಾಕ ಬಂದೀನಿ," ಎಂದರು ದಾನಮ್ಮ. "ನೀ ಯಾರ ಮಗಳು ಅಂತ ಇವ ಹೋದ ತಿಂಗಳಾ ಹೇಳ್ಯಾನ. ಸಿಟ್ಟಿಗೆದ್ದು ಇವನ ಕೂಡ ಮಾತು ಬಿಟ್ಟಿದ್ದೆ. ಆಮ್ಯಾಲ ವಿಚಾರ ಮಾಡಿದೆ. ಮಾಡೇ ಬಂದೆ."

ಜಯಲತಾ ಕೈಯ ಮೀನನ್ನು ಬುಟ್ಟಿಗೆ ಹಾಕಿ ಎದ್ದಳು. "ಎಲ್ಲ ಗೊತ್ತಿತ್ತಾ? ಮತ್ತೆ ನಿನ್ನೆ ಯಾಕೆ..."

"ನಿಮ್ಮ ಮಾವನ ಉಪ್ಪಿಟ್ಟು ಬಾಯಾಗ ಇಟ್ಕೊಂಡು, 'ನೀ ಸುಳ್ಳ ಹೇಳ್ತಿ' ಅನ್ನಬೇಕಿತ್ತೇನ? ನಮ್ಮ ಕಡೆ ಉಂಡ ಮನ್ಯಾಗ ಯಜಮಾನನ ಮಾರಿ ಇಳಸಂಗಿಲ್ಲವ್ವ. ಏನಿದ್ರೂ ಹೊಸ್ತಿಲ ದಾಟಿದ ಮ್ಯಾಲ. ಅಷ್ಟ್ರಾಗ ನೀನಾ ದಾಟಿ ಹೋದಿ!"

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ನಮ್ಮ ಕಡೆ ಹುಡುಗಿಯನ್ನು ಅಡಗಿಸಿ ಕೊಡೂದಿಲ್ಲ ಅಮ್ಮ..."

"ಅದಕ್ಕ ನೀ ಸೇರ್ದಿ ನನಗ." ಮೂಗಿನ ಮೇಲಿನ ಸೆರಗು ಸ್ವಲ್ಪ ಸರಿಯಿತು. "ನಾ ತಿನ್ನಂಗಿಲ್ಲ, ನಿನಗ ಬ್ಯಾಡ ಅನ್ನಂಗಿಲ್ಲ. ನನ್ನ ಒಲಿ ಬ್ಯಾರೆ ಇರ್ಲಿ. ನನ್ನ ರೊಟ್ಟಿ ಹಂಚು ಮಾತ್ರ ಮುಟ್ಟಿ ನೋಡು, ಆಮ್ಯಾಲ ಹೇಳ್ತೀನಿ! ಈಗ ನಿಮ್ಮ ಮಾವನ ಹೊಟೇಲಿಗೆ ಹೋಗಿ ಚಾ ಕುಡೀತೀನಿ, ಏನೂ ಆಗೇ ಇಲ್ಲ ಅನ್ನುವಂಗ. ಪಾಪ, ಅಂವಾ ಎಷ್ಟು ಹೆದರ್ಯಾನೋ!"

ಅವರು ಹೊರಟರು. ಗುರುನಾಥ ಅಲ್ಲೇ ನಿಂತಿದ್ದ.

ಜಯಲತಾ ಅವನನ್ನು ನೇರವಾಗಿ ನೋಡಿದಳು. "ನೀವು ಸುಮ್ಮನಿದ್ದದ್ದು ಮಾಮನ ಮರ್ಯಾದೆಗಾಗಿ. ಸರಿ. ಆದರೆ ನನ್ನ ಮರ್ಯಾದೆ?"

ಅವನು ತಡವರಿಸಲಿಲ್ಲ. "ಅದು ನನ್ನ ತಪ್ಪು. ನಿಮಗರ ಮೊದಲಾ ಹೇಳಬೇಕಿತ್ತು, ಅವ್ವಗ ಎಲ್ಲಾ ಗೊತ್ತದ ಅಂತ. ಆಕಿ ಬಂದರ ನಿಮಗ ತಿಳೀತದ ಅನ್ಕೊಂಡೆ... ಈಗ ಹೊಸ್ತಿಲ ಅಂತೂ ದಾಟೀವಿ."

ಅವನು ರಸ್ತೆಯ ಕಡೆ ತಿರುಗಿದ. ಅಲ್ಲಿ ಗುಲ್ಬರ್ಗ, ರಾಯಚೂರು ಕಡೆಯ ಅವನ ಕೆಲಸಗಾರರು ಟ್ರಕ್ಕಿಗಾಗಿ ಕಾಯುತ್ತ ನಿಂತಿದ್ದರು.

"ಏ ಮಾನಪ್ಪಾ! ಎಲ್ಲಾರೂ ಕೇಳ್ರೋ! ಇವರು ಜಯಲತಾ. ಮಲ್ಪೆ ಮೊಗವೀರ ವಸಂತಕುಮಾರ ಅವರ ಮಗಳು. ಬಿಎಸ್‌ಸಿ ಕಲ್ತಾರ, ಮೀನ ಒಣಗಿಸ್ತಾರ. ಇವರು ಹೂಂ ಅಂದ್ರ, ನಾ ಇವರ ಗಂಡ!"

ರಸ್ತೆಯಲ್ಲಿ ಸಿಳ್ಳೆ ಎದ್ದಿತು. "ಹೂಂ ಅನ್ರೀ ಅಕ್ಕಾರ!" ಎಂದು ಮಾನಪ್ಪ ಟವೆಲ್ಲು ಬೀಸಿದ. ಒಂದಕ್ಷರ ಕನ್ನಡ ಬಾರದ ಚಂದ್ರಬಾಯಿ ಕೂಡ, "ಆತಾ ಸಮಜಲಂ!" ಎಂದು, ಈಗ ಅರ್ಥವಾಯಿತೆಂಬಂತೆ ಚಪ್ಪಾಳೆ ತಟ್ಟಿದಳು.

ಜಯಲತಾಳ ಕೆನ್ನೆ ಸುಟ್ಟಿತು. ಈ ಪರವೂರಿಗೆ ಬಂದ ಮೇಲೆ ಮೊದಲ ಸಲ ಅವಳ ಅಪ್ಪನ ಹೆಸರನ್ನು ಯಾರೋ ಬೀದಿಗೆ ಕೇಳುವಂತೆ ಕೂಗಿ ಹೇಳಿದ್ದರು!

"ಇಷ್ಟು ಜೋರಾಗಿ ಎಂತಕ್ಕೆ ಮಾರಾಯ್ರೆ..."

"ತೆರಿ ಸಪ್ಪಳದಾಗ ಕೇಳಬೇಕಲ್ರೀ." ಅವನು ಅವಳ ಕೈ ಹಿಡಿದ. ಬೆರಳಿಗೆ ಮೀನಿನ ಹೊಳಪು ಅಂಟಿತ್ತು. ಅವಳು ಕೈ ಹಿಂದೆಳೆಯಲಿಲ್ಲ.

"ಕೇಳಿತು," ಎಂದಳು.

"ಎಲ್ಲಿ ತನಕ?"

ಅವಳು ಕಡಲಿನ ಕಡೆ ನೋಡಿದಳು. ಊರಿನ ದಂಡೆಗೂ ಈ ದಂಡೆಗೂ ನೀರು ಒಂದೇ.

"ಮಲ್ಪೆ ತನಕ... ಇನ್ನು ನನ್ನ ಉತ್ತರ ನೀವು ಕೇಳಿ. ಹೂಂ."