ಹೆಸರಿಗೆ ಚಿಕ್ಕಮ್ಮನ ಮಗಳು

"ಯಾರಾದ್ರೂ ಕೇಳಿದ್ರೆ ನೀವು ನನ್ನ ಚಿಕ್ಕಮ್ಮನ ಮಗಳು. ನನ್ನನ್ನು ಅಣ್ಣ ಅಂತ ಕರೀಬೇಕು."

ಸಮಿತ್ ಗಗನಾಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ಎರಡು ಸಾವಿರದ ಒಂಬತ್ತರ ಜೂನ್. ಡೊಂಬಿವಲಿ ಪೂರ್ವದ ಹಳೆಯ ಬಿಲ್ಡಿಂಗಿನ ಗೇಟಿನಲ್ಲಿ ಅವಳ ಟ್ರಂಕನ್ನು ಹೆಗಲಿಗೇರಿಸಿಕೊಂಡು ನಿಂತಿದ್ದ ಅವನು.

ಗಗನಾ ತಲೆಯೆತ್ತಿ ನೋಡಿದಳು.

ಅಯ್ಯೋ ದೇವರೇ... ಇವನನ್ನೇ ಅಣ್ಣ ಅನ್ನಬೇಕಾ?

ಸುಳ್ಳಿಗೆ ಕಾರಣವಿತ್ತು. ಆ ಹೌಸಿಂಗ್ ಸೊಸೈಟಿಯಲ್ಲಿ ಸಂಸಾರಸ್ಥರಿಗೆ ಮಾತ್ರ ಜಾಗ, ಪೇಯಿಂಗ್ ಗೆಸ್ಟ್ ಇಡುವಂತಿಲ್ಲ. ಆದರೆ ಸಮಿತ್‌ನ ತಾಯಿ ಜಯಲತಾ ಗಂಡ ಹೋದ ಮೇಲೆ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ನಾಲ್ಕು ಹುಡುಗಿಯರನ್ನು ಇಟ್ಟುಕೊಂಡೇ ಬದುಕುತ್ತಿದ್ದರು. ಸೊಸೈಟಿಯ ರಿಜಿಸ್ಟರಿನಲ್ಲಿ ನಾಲ್ವರೂ ಅವರ ತಂಗಿಯರ ಮಕ್ಕಳು!

ಅಣ್ಣನ ಮಕ್ಕಳು ಅಂತ ಬರೆಸಬಹುದಿತ್ತಲ್ಲ? ಬರೆಸಲಿಲ್ಲ. ಅವರ ಊರಾದ ಉಡುಪಿ ಕಡೆಯಲ್ಲಿ ಸೋದರಮಾವನ ಮಗಳನ್ನು ಮದುವೆಯಾಗಬಹುದು, ಚಿಕ್ಕಮ್ಮನ ಮಗಳೆಂದರೆ ಒಡಹುಟ್ಟಿದ ತಂಗಿಯ ಸಮ. ಪ್ರಾಯಕ್ಕೆ ಬಂದ ಮಗನಿರುವ ಮನೆ. ಜಯಲತಾ ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದಿದ್ದರು.

ಮೆಟ್ಟಿಲಿನಲ್ಲಿ ಸೊಸೈಟಿಯ ಸೆಕ್ರೆಟರಿ ಸಿಕ್ಕಿದರೆ ನಂಬಲಿ ಎಂದು ಹುಡುಗಿಯರಿಗೆ ಜಯಲತಾರ ಮನೆಮಾತಾದ ತುಳುವಿನ ಪಾಠವೂ ಆಗುತ್ತಿತ್ತು. ಮೈಸೂರಿನ ಗಗನಾಳ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಪುತ್ತೂರಿನ ಅನುಷ್ಕಾ, ಪಕ್ಕದ ಮಂಚದವಳು, ನಕ್ಕು ನಕ್ಕು ಹೇಳಿಕೊಟ್ಟಳು.

"ಒಣಸ್ ಆಂಡಾ? ಅಂದ್ರೆ ಊಟ ಆಯ್ತಾ ಅಂತ. ಆಗಿಲ್ಲ ಅಂದ್ರೆ ಆತ್‌ಜಿ. ಇಷ್ಟು ಬಂದ್ರೆ ನೀನು ನಮ್ಮವಳೇ ಮಾರಾಯ್ತಿ."

ಗಗನಾ ಓದುತ್ತಿದ್ದುದು ನವಿ ಮುಂಬೈಯ ಕಾಲೇಜಿನಲ್ಲಿ, ಸಮಿತ್‌ನ ಆಫೀಸು ಘೋಡಬಂದರ್ ರಸ್ತೆಯಲ್ಲಿ. ಇಬ್ಬರೂ ಠಾಣೆಯಲ್ಲಿ ಇಳಿಯಬೇಕು. ಸ್ಟೇಷನ್ನಿನ ಸೇತುವೆಯ ಮೇಲೆ ಸಂಜೆ ಹತ್ತು ನಿಮಿಷ, ಒಂದು ವಡಾಪಾವ್‌ನಲ್ಲಿ ಅರ್ಧರ್ಧ. ಅಲ್ಲಿ ಅವರು ಅಣ್ಣ ತಂಗಿಯಲ್ಲ. ಡೊಂಬಿವಲಿಯ ಗೇಟು ದಾಟಿದ ಕೂಡಲೇ ಅವಳು ನಾಲಿಗೆ ಕಚ್ಚಿಕೊಂಡು "ಅಣ್ಣ" ಅನ್ನುತ್ತಿದ್ದಳು. ಅನುಷ್ಕಾಳಿಗೆ ಮಾತ್ರ ಎಲ್ಲ ಗೊತ್ತಿತ್ತು, ಗೊತ್ತಿಲ್ಲದವಳಂತೆ ಗೋಡೆ ಕಡೆ ತಿರುಗಿ ನಗುತ್ತಿದ್ದಳು.

ಆಗಸ್ಟ್‌ನಲ್ಲಿ ಹಂದಿಜ್ವರ ಬಂತು.

ಪುಣೆಯಲ್ಲಿ ಸಾವು, ಮುಂಬೈಯಲ್ಲಿ ಸಾವು. ಮೆಡಿಕಲ್ ಶಾಪುಗಳಲ್ಲಿ ಮಾಸ್ಕ್ ಖಾಲಿ. ಕಾಲೇಜುಗಳಿಗೆ ವಾರ ರಜೆ ಸಿಕ್ಕಿದ್ದೇ ತಡ, ಇಬ್ಬರು ಹುಡುಗಿಯರು ಊರಿಗೆ ಹೊರಟರು. ಅನುಷ್ಕಾ ಹೊರಡುವವಳಿದ್ದಳು. ಸೋಮವಾರ ಅವಳ ಮೈ ಕಾದಿತು. ಅವಳಿಗಾಗಿ ಗಗನಾ ಉಳಿದಳು.

ಸೆಕ್ರೆಟರಿ ಮನೆಮನೆಯ ಬಾಗಿಲು ಬಡಿದು "ಕುಣಾಲಾ ತಾಪ್ ಆಹೆ ಕಾ?" ಎಂದು ವಿಚಾರಿಸುತ್ತಿದ್ದರು, ಯಾರಿಗಾದರೂ ಜ್ವರವಿದೆಯೇ ಎಂದು. ಯಾರಿಗೂ ಇಲ್ಲ ಅಂದರು ಜಯಲತಾ. ಆಸ್ಪತ್ರೆಗೆ ಹೋದರೆ ವಿಳಾಸ ಬರೆಸಬೇಕು, ವಿಳಾಸ ಬರೆಸಿದರೆ ಪಾಲಿಕೆಯವರು ಬಂದು ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂದು ಎಣಿಸುತ್ತಾರೆ. ಕರಿಮೆಣಸಿನ ಕಷಾಯ ಕುಡಿಸಿದರೆ ಇಳಿಯುತ್ತದೆ ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಂಚದ ಮೇಲೆ ಹುಡುಗಿ ಕೆಮ್ಮುತ್ತಿದ್ದಳು.

ಮಂಗಳವಾರ ಸಂಜೆ ಗಗನಾ ಸಮಿತ್‌ನ ಎದುರು ಕೈಮುಗಿದಳು. ಮಾರನೆಯ ಬೆಳಿಗ್ಗೆ ಆರಕ್ಕೆ, ಯಾರೂ ಏಳುವ ಮೊದಲೇ ರಿಕ್ಷಾ ತರುತ್ತೇನೆ ಅಂದ ಅವನು.

ಬುಧವಾರ ಆರು ಗಂಟೆ. ಅನುಷ್ಕಾಳ ತಲೆ ಬಾಚಿ, ಶಾಲು ಹೊದಿಸಿ ಗಗನಾ ಕಾದಳು. ಏಳು... ಎಂಟು... ರಿಕ್ಷಾ ಬರಲಿಲ್ಲ. ನಮ್ಮನ್ನು ಬೀದಿಗೆ ಹಾಕಬೇಡ ಎಂದು ತಾಯಿ ಅತ್ತಿದ್ದರು. ಮಗ ಐದೂವರೆಯ ಲೋಕಲ್ ಹಿಡಿದು ಆಫೀಸಿಗೆ ಹೋಗಿದ್ದ. ಅಷ್ಟು ಬೆಳಿಗ್ಗೆ ಆಫೀಸಿನ ಬಾಗಿಲೂ ತೆರೆದಿರಲಿಲ್ಲ!

ಆ ದಿನವೆಲ್ಲ ಜಯಲತಾ ಬಾಗಿಲಿಗೆ ಅಡ್ಡ ಕೂತರು. ಗುರುವಾರ ಅನುಷ್ಕಾಳ ತುಟಿ ನೀಲಿಯಾದಾಗ ಗಗನಾ ಅವರನ್ನು ಸರಿಸಿ, ಗೆಳತಿಯನ್ನು ತೋಳಿಗೆ ಆನಿಸಿಕೊಂಡು ಹಗಲಲ್ಲೇ ಮೂರು ಮಹಡಿ ಇಳಿಸಿದಳು. ಕಲ್ಯಾಣದ ಆಸ್ಪತ್ರೆಯ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಎರಡು ದಿನ ಮೊದಲೇ ಯಾಕೆ ತರಲಿಲ್ಲ ಎಂದು ಕೇಳಿದರು. ಅವಳು ಆಸ್ಪತ್ರೆಯ ಕಾಗದದಲ್ಲಿ ಡೊಂಬಿವಲಿಯ ವಿಳಾಸ ಬರೆಸಿದಳು.

ಸಂಜೆ ಪಾಲಿಕೆಯವರು ವಿಳಾಸ ಹುಡುಕಿ ಬಂದರು. ಬಾಗಿಲು ತೆರೆದವನು ಸಮಿತ್. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದ. ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ ಗಗನಾ ಮೆಟ್ಟಿಲಿನ ಮೇಲೇ ಅದನ್ನು ಕೇಳಿಸಿಕೊಂಡಳು. ಅವಳ ಟ್ರಂಕು, ಅನುಷ್ಕಾಳ ಚೀಲ ಆಗಲೇ ಹೊರಗಿದ್ದವು, ಮೇಲೆ ಫಿನಾಯಿಲ್ ಸುರಿದಿತ್ತು.

ಅವನು ಅವಳನ್ನು ನೋಡಿದ. ಬಾಗಿಲು ಹಾಕಿಕೊಂಡ.

ಶನಿವಾರ ಅನುಷ್ಕಾ ತೀರಿಕೊಂಡಳು. ಹತ್ತೊಂಬತ್ತು ವರ್ಷ.

ಭಾನುವಾರ ಅವಳ ಅಪ್ಪ ಮುಂಡಪ್ಪ ಬಂದು ಇಳಿದರು. ಎಲ್ಲ ಮುಗಿಸಿದ ಮೇಲೆ ಗಗನಾ ಚೀಲ ಕೊಡಲು ಹೋದಾಗ ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಚೀಲ ಬೇಡ ಮಗಾ. ಅವಳು ಮಲಗ್ತಿದ್ದ ಜಾಗ ಒಮ್ಮೆ ನೋಡ್ಬೇಕು."

ಸೋಮವಾರ ಗಗನಾ ಅವರನ್ನು ಆ ಬಾಗಿಲಿಗೆ ಕರೆದುಕೊಂಡು ಹೋದಳು. ಸೆಕ್ರೆಟರಿ, ಅಕ್ಕಪಕ್ಕದವರು ಮಾಸ್ಕ್ ಹಾಕಿ ಮೆಟ್ಟಿಲ ಮೇಲೆ ಸೇರಿದರು. ಜಯಲತಾ ಒಮ್ಮೆ ಅವರತ್ತ ನೋಡಿ, ಆ ಮುದುಕನಿಗೆ ತುಳುವಿನಲ್ಲೇ ಹೇಳಿದರು, ನಿಮ್ಮ ಮಗಳು ಇಲ್ಲಿ ಇರಲೇ ಇಲ್ಲ ಎಂದು.

"ಕಾಗದದಲ್ಲಿ ಇದೇ ಅಡ್ರೆಸ್ ಬರೀತಿದ್ಳಲ್ಲ ಅಮ್ಮ..." ಅಂದರು ಮುಂಡಪ್ಪ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ತಾಯಿಯ ಹಿಂದೆ ನಿಂತಿದ್ದ ಸಮಿತ್ ಒಳಗೆ ನಡೆದ.

ಹೋದ. ಮತ್ತೆ ತಪ್ಪಿಸಿಕೊಂಡ. ಇವನಿಗಾಗಿ ನಾನು ಆ ಸೇತುವೆಯ ಮೇಲೆ ಕಾದಿದ್ದೆನಾ? ಗಗನಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವನು ಹಿಂತಿರುಗಿದ. ಮುಖದ ಕರವಸ್ತ್ರ ಬಿಚ್ಚಿದ್ದ, ಕೈಯಲ್ಲಿ ಒಂದು ದಿಂಬಿತ್ತು. ಮುಂಡಪ್ಪ ಅದನ್ನು ಗುರುತು ಹಿಡಿದರು. ಬೂರುಗದ ಹತ್ತಿ ಬಿಡಿಸಿ ತುಂಬಿದವರು ಅವರೇ.

"ಕಿಟಕಿ ಪಕ್ಕದ ಮಂಚ ಅವಳದ್ದು. ಹೋದ ಸೋಮವಾರ ಜ್ವರ ಬಂತು. ಬುಧವಾರ ರಿಕ್ಷಾ ತರ್ತೇನೆ ಅಂದವ ನಾನು. ತರ್ಲಿಲ್ಲ." ಅವನು ಸೆಕ್ರೆಟರಿಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ: ನಾಲ್ಕು ಜನ ಹುಡುಗಿಯರಿದ್ದರು, ಯಾರೂ ನಮ್ಮ ನೆಂಟರಲ್ಲ. ಆಮೇಲೆ ಗಗನಾಳತ್ತ ನೋಡಿ, ಕನ್ನಡದಲ್ಲಿ, "ಇವಳು ನನ್ನ ತಂಗಿಯಲ್ಲ. ಯಾವತ್ತೂ ಆಗಿರ್ಲಿಲ್ಲ."

ಮುಂಡಪ್ಪ ಒಳಗೆ ಹೋಗಿ ಮಂಚದ ಮೇಲೆ ದಿಂಬು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಯಾರೂ ತಡೆಯಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮನೆ ತಿಂಗಳೊಳಗೆ ಖಾಲಿಯಾಯಿತು. ಊರಿನ ಬಸ್ಸು ಹತ್ತುವಾಗ ಜಯಲತಾ ಮಗನಿಗೆ, "ಇನ್ನು ಯಾರಾದ್ರೂ ಕೇಳಿದ್ರೆ ನನಗೆ ಮಗನೇ ಇರ್ಲಿಲ್ಲ ಅಂತೇನೆ" ಅಂದರು. ಅಂದಂತೆಯೇ ನಡೆದುಕೊಂಡರು.

ಸಮಿತ್ ಠಾಕುರ್ಲಿಯಲ್ಲಿ ನಾಲ್ಕು ಜನರ ಜೊತೆ ಒಂದು ಕೋಣೆ ಹಿಡಿದ. ಸಂಜೆ ಮಾತ್ರ ಠಾಣೆಯ ಸೇತುವೆಯ ಮೇಲೆ ನಿಲ್ಲುತ್ತಿದ್ದ. ಕಲ್ಯಾಣದ ಒಂದು ಹಾಸ್ಟೆಲ್ ಸೇರಿದ್ದ ಗಗನಾ ನಾಲ್ಕು ತಿಂಗಳು ಅವನ ಮುಂದೆಯೇ ಹಾದುಹೋದಳು. ಅವನು ಕರೆಯಲಿಲ್ಲ, ಹಿಂದೆ ಬರಲಿಲ್ಲ. ಅವಳು ಬೈದುಕೊಂಡು ಮಲಗುತ್ತಿದ್ದಳು. ಮರುದಿನ ಸೇತುವೆ ಬಂದಾಗ ಕಣ್ಣು ಮೊದಲು ಹುಡುಕುತ್ತಿದ್ದುದು ಅವನನ್ನೇ. ಹಾಳು ಮನಸ್ಸು!

ಜನವರಿಯ ಒಂದು ಸಂಜೆ ಅವಳ ಕಾಲು ನಿಂತಿತು.

"ನಾನು ಕ್ಷಮಿಸಿಲ್ಲ ಕಣ್ರೀ."

"ಗೊತ್ತುಂಟು."

"ಕ್ಷಮಿಸೋದೂ ಇಲ್ಲ. ಆದ್ರೂ ನೀವಿಲ್ದೆ ಇರೋಕಾಗ್ತಿಲ್ಲ. ಅನುಷ್ಕಾ ಇದ್ದಿದ್ರೆ ಇದನ್ನ ಅವಳ ಹತ್ರ ಹೇಳ್ಕೊಂಡು ಅಳ್ತಿದ್ದೆ." ಅವಳು ಸೇತುವೆಯ ಕಂಬಿ ಹಿಡಿದುಕೊಂಡಳು. "ಪ್ರತಿ ಆಗಸ್ಟ್‌ನಲ್ಲಿ ಕೇಳ್ತೀನಿ, ರಿಕ್ಷಾ ಯಾಕೆ ಬರ್ಲಿಲ್ಲ ಅಂತ. ಮುದುಕಿ ಆದ್ಮೇಲೂ ಕೇಳ್ತೀನಿ. ಉತ್ತರ ಕೊಡ್ಬೇಕು."

"ಹೆದರಿ ಓಡಿಹೋದೆ ಅಂತೇನೆ. ಪ್ರತಿ ಸಲ. ಬೇರೆ ಉತ್ತರ ಇಲ್ಲ ನನ್ನತ್ರ." ಅವನು ಕಣ್ಣು ಒರೆಸಿಕೊಂಡ. "ನೀವು ಕೇಳಿದಷ್ಟು ವರ್ಷವೂ ಎದುರಲ್ಲೇ ಇರ್ತೇನೆ, ಗಗನಾ."

ಕೆಳಗೆ ಕಲ್ಯಾಣದ ಲೋಕಲ್ ಬಂದು ನಿಂತಿತು. ಇಬ್ಬರೂ ಹತ್ತಲಿಲ್ಲ.

"ಒಣಸ್ ಆಂಡಾ?" ಕೇಳಿದಳು ಅವಳು. ಅನುಷ್ಕಾ ಕಲಿಸಿದ ಹಾಗೆಯೇ, ಈ ಸಲ ತಪ್ಪಿಲ್ಲದೆ.

"ಆತ್‌ಜಿ," ಅಂದ ಅವನು.

ಅವಳು ವಡಾಪಾವ್ ಕೊಂಡು ತಂದು, ಅರ್ಧ ಮುರಿದು ಅವನ ಕೈಗಿಟ್ಟಳು.