ಹೂ ಬಿಟ್ಟ ದಿನ ಹೇಳ್ತೀನಿ

“ಇವಕ್ಕೆ ನೀರು ಹಾಕಿದ್ರಾ?”

ಕನ್ನಡಕದಂಗಡಿಯವನು ಊರಿಂದ ಬಂದವನೇ ಹೆಗಲ ಬ್ಯಾಗನ್ನೂ ಇಳಿಸದೆ ತಾರಸಿ ಹತ್ತಿದ್ದ. ಅಪ್ಪನ ಮಂಡಿ ಆಪರೇಷನ್ನಿಗೆಂದು ಹೋಗಿ ಮೂರು ವಾರ ಮುಖ ತೋರಿಸಿರಲಿಲ್ಲ. ಬಂದಮೇಲಾದರೂ ‘ಹೇಗಿದ್ದೀರಿ’ ಅನ್ನುವುದು ಬಿಟ್ಟು ಕುಂಡಗಳ ವಿಚಾರಣೆ. ಅಲ್ಲೇ ನಿಂತಿದ್ದ ಪಕ್ಕದಂಗಡಿಯ ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು.

“ಹಾಕ್ದೆ. ದಿನಾ ಹಾಕ್ದೆ. ಗೊಬ್ಬರಾನೂ ಹಾಕ್ದೆ.”

“ನೀವೇನೂ ಮಾಡಬೇಡಿ, ಸುಮ್ನೆ ಬಿಟ್ಬಿಡಿ ಅಂತ ಹೇಳಿ ಹೋಗಿದ್ನಲ್ಲ.”

“ಉಪಚಾರಕ್ಕೆ ಹೇಳಿದ್ರಿ ಅಂದ್ಕೊಂಡೆ. ಬೇಡ ಬೇಡ ಅಂದೋರಿಗೇ ನಾವು ಎರಡನೇ ಸಲ ಕಾಫಿ ಕೊಡಲ್ವಾ?”

ಅವನು ಕುಂಡದೊಳಗೆ ಬೆರಳಿಟ್ಟ. ಬಟಾಣಿಯಷ್ಟಿದ್ದ ಗೆಡ್ಡೆ ಬೆರಳಿಗೆ ಅಂಟಿಕೊಂಡು ಗಂಜಿಯಂತೆ ಬಂತು. ಕೊಳೆತ ವಾಸನೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

“ಬೇಸಿಗೇಲಿ ಇವು ನಿದ್ದೆ ಮಾಡ್ತವೆ ಕಣ್ರೀ. ಎಲೆ ಒಣಗಿದ ಮೇಲೆ ಹನಿ ನೀರೂ ತಾಗಬಾರ್ದು.”

ಅದನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ದಕ್ಷಿಣ ಆಫ್ರಿಕಾದಿಂದ ಬೀಜದ ಪೊಟ್ಟಣ ಬಂದದ್ದು ಎರಡು ಚಳಿಗಾಲದ ಹಿಂದೆ. ಸಾಸಿವೆಯಂಥ ಕಪ್ಪು ಬೀಜ, ಗೆಡ್ಡೆ ಕಟ್ಟುವ ಹೂಗಿಡ, ಹೆಸರು ಮಾತ್ರ ನಾಲಿಗೆ ಹೊರಳದ ಲ್ಯಾಕೆನೇಲಿಯಾ. “ನಿಮ್ಮ ಕೈ ನಾಜೂಕು, ಸ್ವಲ್ಪ ಬರ್ತೀರಾ?” ಎಂದು ಕರೆದಿದ್ದ. ಇಬ್ಬರೂ ಕೂತು ಬೀಜಕ್ಕೆ ಮರಳು ಬೆರೆಸಿದರು. ಮರಳಿನಲ್ಲಿ ಬೆರಳಿಗೆ ಬೆರಳು ತಾಗಿತು. ಅವನು ಕನ್ನಡಕದ ಮೇಲಿಂದ ಒಮ್ಮೆ ನೋಡಿದ, ಅವಳೂ ನೋಡಿದಳು, ಆಮೇಲೆ ಇಬ್ಬರೂ ಬೀಜವನ್ನೇ ನೋಡಿದರು.

“ಹೂ ಯಾವಾಗ ಬಿಡುತ್ತೆ?” ಎಂದು ಕೇಳಿದ್ದಳು.

“ಬಿಟ್ಟ ದಿನ ನಿಮಗೊಂದು ಮಾತು ಹೇಳೋದಿದೆ,” ಅಂದವನ ಕಿವಿ ಕೆಂಪಾಗಿತ್ತು.

ಅಷ್ಟು ಸಾಕಾಯಿತು ಅವಳಿಗೆ ನಿದ್ದೆ ಕೆಡಲು. ಆದರೆ ಮೊದಲ ಚಳಿಗಾಲಕ್ಕೆ ಬಂದದ್ದು ನೂಲಿನಂಥ ಎಲೆ. ಬೇಸಿಗೆಯಲ್ಲಿ ಅದೂ ಒಣಗಿತು. ಎರಡನೆಯ ಚಳಿಗಾಲಕ್ಕೆ ಎಲೆ ಕಿರುಬೆರಳಿನಗಲ ಆಯಿತು. ತೋಳು ಹಿಡಿದು ಕರೆದೊಯ್ದು, “ಚುಕ್ಕೆ ನೋಡಿ, ನೇರಳೆ ಚುಕ್ಕೆ” ಎಂದು ಕುಣಿದಾಡಿದ. ಅವಳು ಅವನ ತುಟಿಯನ್ನೇ ನೋಡುತ್ತ ನಿಂತಳು, ಈಗ ಹೇಳಿಯಾನು ಎಂದು. ಅವನು ಚುಕ್ಕೆಯ ಬಗ್ಗೆಯೇ ಹೇಳಿದ.

ಅಳತೆ ತೆಗೆದ ದಿನವೇ ಡೆಲಿವರಿ ಡೇಟ್ ಕೊಡುವ ಹೆಂಗಸು ಅವಳು. ಡೇಟೇ ಇಲ್ಲದ ಈ ಪ್ರೀತಿ ಅವಳನ್ನು ಹಣ್ಣು ಮಾಡಿಬಿಟ್ಟಿತ್ತು. ಮೇಲಾಗಿ ಪರವೂರಿನಲ್ಲಿ ದೊಡ್ಡ ಅಂಗಡಿ ಹಾಕಿದ ಅಕ್ಕನ ಫೋನು ಬೇರೆ, ಇವತ್ತು ಬೆಳಿಗ್ಗೆ ಮತ್ತೆ: “ಪಾರ್ಟ್ನರ್ ಆಗಿ ಬರ್ತೀಯೋ ಇಲ್ವೋ? ಇವತ್ತು ಹೇಳು, ಇಲ್ಲಾಂದ್ರೆ ಬೇರೆಯವರನ್ನ ಸೇರಿಸ್ಕೋತೀನಿ.”

“ಹೋಗ್ಲಿ ಬಿಡಿ,” ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ. “ಮತ್ತೆ ಬೀಜ ತರಿಸೋಣ. ಹೂ ಬಿಡೋಕೆ ಮೂರು ವರ್ಷ ಅಷ್ಟೇ.”

ಅಷ್ಟೇ ಅಂತೆ.

“ಯಾಕೆ ನೀರು ಹಾಕ್ದೆ ಗೊತ್ತಾ ನಿಮಗೆ? ಬೇಗ ಹೂ ಬಿಡಲಿ ಅಂತ. ನೀವು ಬಾಯಿ ಬಿಡಲಿ ಅಂತ. ನಾನಿವತ್ತು ಅಕ್ಕನಿಗೆ ಉತ್ತರ ಕೊಡಬೇಕು. ಹೋದ್ರೆ ಅಂಗಡಿ ಮುಚ್ಚಿ ಹೋಗೋದೇ, ತಿಳೀತಾ?” ಅಳು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನು ಬ್ಯಾಗನ್ನು ನಿಧಾನವಾಗಿ ಕೆಳಗಿಟ್ಟ. “ಅಕ್ಕನ ವಿಷಯ ನೀವು ಹೇಳಲೇ ಇಲ್ಲ.”

“ನೀವು ಹೇಳಿದ್ರಾ?”

“ನನಗೆ ಮಾತು ಬರಲ್ಲ. ಹೂ ಇದ್ದಿದ್ರೆ ಕೈಗೆ ಕೊಟ್ಟು ಸುಮ್ಮನೆ ನಿಂತ್ಕೋಬಹುದಿತ್ತು.”

“ಹೂ ಇಲ್ಲ. ಇನ್ನು ಬಾಯೇ ಗತಿ.”

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಗಾಜಿಗೆ ಮಣ್ಣು ಮೆತ್ತಿಕೊಂಡಿತು. “ಹೋಗಬೇಡಿ. ನೀವಂದ್ರೆ ನನಗೆ... ಮೊದಲಿಂದಾನೂ ಇಷ್ಟ. ನನ್ನ ಮದುವೆ ಆಗಿ.”

ಇಷ್ಟು ಚಿಕ್ಕ ಮಾತಿಗೆ ಎರಡು ವರ್ಷ ಬೇಕಾಯಿತೇ ಎಂದು ಅವನನ್ನು ತಾರಸಿಯಿಂದ ತಳ್ಳಿಬಿಡುವಷ್ಟು ಕೋಪ, ಅಷ್ಟೇ ಪ್ರೀತಿ. ಅವಳು ಮೂಗೊರೆಸಿಕೊಂಡು ಫೋನ್ ತೆಗೆದಳು.

“ಅಕ್ಕಾ, ನಾನು ಬರಲ್ಲ. ಯಾಕಾ? ತಾಳು, ಇವರೇ ಹೇಳ್ತಾರೆ.”

ಫೋನನ್ನು ಅವನ ಕೈಗಿಟ್ಟಳು. ಅವನು ಕಂಗಾಲಾಗಿ ಅವಳನ್ನು ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ.

“ಅಕ್ಕಾ,” ಎಂದು ಶುರುಮಾಡಿದ ಅವನು.