ತಾತನ ಮೀನು

"ಅಕ್ಕಾ, ಮೀನು ಆಕಳಿಸ್ತಿದೆ ನೋಡು!"

"ಆಕಳಿಕೆ ಅಲ್ವೋ ಗುಂಡ, ಅದಕ್ಕೆ ಉಸಿರು ಕಟ್ತಿದೆ," ಎಂದಳು ಚೂಟಿ.

ಆ ಕಿತ್ತಳೆ ಬಣ್ಣದ ಮೀನನ್ನು ಸಾಕಿದವರು ತಾತ. ಅವರು ತೀರಿಕೊಂಡ ಮೇಲೆ ಅದರ ಹೊಣೆ ಚೂಟಿಯದು. ಇವತ್ತು ಸ್ಕೂಲಿನಿಂದ ಬಂದು ನೋಡಿದರೆ ಗಾಜಿನ ತೊಟ್ಟಿಯ ನೀರು ಬಗ್ಗಡವಾಗಿತ್ತು. ಮೀನು ಮೇಲೆ ತೇಲಿ ಬಾಯಿ ಬಾಯಿ ಬಿಡುತ್ತಿತ್ತು.

ಸೋಸಿದರೆ ನೀರು ಶುದ್ಧವಾಗುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಚೂಟಿ ಮೀನನ್ನು ಮಗ್ಗಿಗೆ ಬಿಟ್ಟು, ತೊಟ್ಟಿಯ ನೀರನ್ನು ಟೀ ಜಾಲರಿಯಲ್ಲಿ ಸೋಸಿದಳು. ಪಾಚಿಯ ಎಳೆ, ಮೀನಿನ ತಿಂಡಿಯ ಚೂರು ಸಿಕ್ಕಿದವು. ತೆಳು ಬಟ್ಟೆಯನ್ನು ಮಡಿಸಿ ಮತ್ತೆ ಸೋಸಿದಳು. ಸಣ್ಣ ಮಣ್ಣೂ ನಿಂತಿತು. ನೀರು ತಿಳಿಯಾಯಿತು. ಮೀನನ್ನು ಬಿಟ್ಟಳು.

ಮತ್ತೆ ಅದೇ ಪಾಡು.

"ಕೊಳೆಯೆಲ್ಲಾ ಬಟ್ಟೆ ಮೇಲೆ ಕೂತಿದೆ. ಇನ್ನೇನಪ್ಪಾ ಬೇಕು ಇದಕ್ಕೆ?" ಚೂಟಿಗೆ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರೇ ತಪ್ಪು ಹೇಳಿದರೋ? ಬಟ್ಟೆಯದೇ ತಪ್ಪೋ?

ಗುಂಡ ಉಗುರು ಕಚ್ಚುತ್ತಾ ಕೇಳಿದ, "ಸ್ನಾನ ಮಾಡ್ಸಿದ್ದಕ್ಕೆ ಅದಕ್ಕೆ ಕೋಪಾನಾ?"

"ಯಾರಿಗೆ ಸ್ನಾನ?"

"ಮೀನಿಗೆ! ಯಾವಾಗ್ಲೂ ನೀರಲ್ಲೇ ಇರುತ್ತೆ, ಒಂದಿನಾನೂ ಸೋಪು ಹಚ್ಕೊಳ್ಳಲ್ಲ. ಸ್ವಲ್ಪಾನೇ ಹಾಕ್ದೆ, ದೇವರಾಣೆ!"

ಪ್ರಾರ್ಥನೆ ಮುಗಿಸಿ ಎದ್ದು ಬಂದ ಅಜ್ಜಿಯ ಕಿವಿಗೂ ಇದು ಬಿತ್ತು.

"ಸೋಪು ಕರಗಿಹೋಗಿದೆ ಮಗಳೇ. ನೀರು ಹೋದ ಕಡೆ ಅದೂ ಹೋಗುತ್ತೆ. ಟೀ ಸೋಸಿದ್ರೆ ಪುಡಿ ನಿಲ್ಲುತ್ತೆ. ಸಕ್ಕರೆ ನಿಲ್ಲುತ್ತಾ?"

"ಆದ್ರೆ ಏನೂ ಕಾಣ್ತಿಲ್ವಲ್ಲಜ್ಜಿ!"

"ಕಾಣಲ್ಲ. ಓಡು, ಡ್ರಮ್ಮಲ್ಲಿ ನೆನ್ನೆ ಹಿಡಿದಿಟ್ಟ ನೀರಿದೆ, ಬಕೆಟ್ಟಲ್ಲಿ ತಾ."

ತೊಟ್ಟಿ ತೊಳೆದು ಹೊಸ ನೀರು ತುಂಬಿದರು. ಮೀನು ತಳಕ್ಕೆ ಇಳಿದು ಸುಮ್ಮನೆ ಬಿದ್ದುಕೊಂಡಿತು. ಮೂವರೂ ಕಣ್ಣು ಮಿಟುಕಿಸದೆ ನೋಡಿದರು. ಬಹಳ ಹೊತ್ತಿನ ಮೇಲೆ ಬಾಲ ಒಮ್ಮೆ ಅಲುಗಿತು. ಆಮೇಲೆ ಮೀನು ಮೆಲ್ಲಗೆ ಒಂದು ಸುತ್ತು ಹೊಡೆಯಿತು.

"ಅಬ್ಬಾ! ಇನ್ಮೇಲೆ ಅದು ಕೊಳಕಾಗೇ ಇರ್ಲಿ," ಎಂದ ಗುಂಡ.

ಅಜ್ಜಿ ನಕ್ಕರು. "ನಿಮ್ಮ ತಾತ ಇದ್ದಿದ್ರೆ ನಿನಗೇ ಸೋಪು ಹಚ್ಚಿ ಕೂರಿಸ್ತಿದ್ರು."

ತಾತ ಹೋದ ದಿನದಿಂದ ಅಜ್ಜಿ ಅತ್ತದ್ದನ್ನು ಚೂಟಿ ನೋಡಿರಲಿಲ್ಲ. ಅಳುತ್ತಾ ಬಂದವರಿಗೆಲ್ಲ ಅವರೇ ಟೀ ಮಾಡಿಕೊಟ್ಟು ಸಮಾಧಾನ ಹೇಳಿದ್ದರು. ಅಜ್ಜಿಗೆ ದುಃಖವೇ ಇಲ್ಲವೇನೋ ಎಂದು ಅವಳು ಒಳಗೊಳಗೇ ಗೊಂದಲಪಟ್ಟಿದ್ದಳು.

ಈಗ ಅಜ್ಜಿಯ ಶಾಂತವಾದ ಮುಖವನ್ನು ನೋಡುತ್ತಾ ನಿಂತಳು. ಕರಗಿದ್ದು ಕಣ್ಣಿಗೆ ಕಾಣಲ್ಲ ಎಂದ ಅಜ್ಜಿಯ ಮಾತು ನೆನಪಾಯಿತು. ಬಕೆಟ್ ಕೆಳಗಿಟ್ಟು, ಒದ್ದೆ ಕೈಯನ್ನು ಒರೆಸಿಕೊಂಡು, ಅಜ್ಜಿಯ ತೋಳಿಗೆ ಒರಗಿ ಕುಳಿತಳು.